ಅಗತ್ಯವೋ ಆಸೆಯೋ?

ಮದುವೆಗಳ ಫೋಟೋ ತೆಗೆದು ಜೀವನ ಸಾಗಿಸುವವರು ನೀವಾಗಿದ್ದರೆ ಹೊಸ ಕ್ಯಾಮರಾದ ಆಸೆ ನಿಮ್ಮನ್ನೂ ಕಾಡಿರಬಹುದು. ಕೊಳ್ಳುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ.

ಒಂದು: ಕೆಲಸಕ್ಕೆ ಅದು ಬೇಕೇ? 2012ರ ಕ್ಯಾನನ್ 5ಡಿ ಮಾರ್ಕ್ 3ರಲ್ಲಿ 22.3 ಮೆಗಾಪಿಕ್ಸೆಲ್, 2016ರ ಮಾರ್ಕ್ 4ರಲ್ಲಿ 30.4. ಆದರೆ 12x18 ಇಂಚಿನ ಆಲ್ಬಂ ಪುಟವನ್ನು ಇಂಚಿಗೆ 300 ಬಿಂದುಗಳಂತೆ ಮುದ್ರಿಸಲು ಸುಮಾರು 19.4 ಸಾಕು. ಹಳೆಯದರ ಶಟರ್ ಸವೆದು ಕೆಲಸ ಕೆಡುತ್ತಿದ್ದರೆ ಹೊಸದು ಅಗತ್ಯ. ಇನ್ನೊಬ್ಬನ ಕೊರಳಲ್ಲಿ ಹೊಸದು ತೂಗುತ್ತಿದೆ ಎಂಬುದಷ್ಟೇ ಕಾರಣವಾದರೆ ಅದು ಬರೀ ಪೈಪೋಟಿ. ದುಂದುಗಾರರನ್ನು ಪವಿತ್ರ ಕುರ್‌ಆನ್ (17:27) ಶೈತಾನನ ಸಹೋದರರ ಸಾಲಿಗೆ ಸೇರಿಸಿದೆ.

ಎರಡು: ಹಣ ಎಲ್ಲಿಂದ? ಬಡ್ಡಿಯ ಕಂತಿನಲ್ಲಿ ತಂದದ್ದರಿಂದ ಗಳಿಕೆ ಹೆಚ್ಚಬಹುದು, ಬರಕತ್ ಹೆಚ್ಚದು. ತಡವಾದರೂ ಉಳಿಸಿಯೇ ಕೊಳ್ಳಿರಿ.

ಮೂರು: ಹಳೆಯದನ್ನು ಹೇಗೆ ಮಾರುವಿರಿ? ಮಾರ್ಕ್ 3ರ ಶಟರನ್ನು ತಯಾರಕರು 1.5 ಲಕ್ಷ ಕ್ಲಿಕ್‌ಗಳಿಗೆ ಪರೀಕ್ಷಿಸಿದ್ದಾರೆ. ಅದರಲ್ಲಿ ಎಷ್ಟು ಮುಗಿದಿದೆಯೆಂದು ಕೊಳ್ಳುವವನಿಗೆ ಮುಚ್ಚುಮರೆಯಿಲ್ಲದೆ ತಿಳಿಸಿರಿ. ಒದ್ದೆ ಧಾನ್ಯವನ್ನು ರಾಶಿಯ ಅಡಿಯಲ್ಲಿಟ್ಟಿದ್ದ ವ್ಯಾಪಾರಿಯನ್ನು ಪ್ರವಾದಿ(ಸ)ಯವರು ಎಚ್ಚರಿಸಿದ್ದು ನೆನಪಿರಲಿ.

ಕ್ಯಾಮರಾದ ಲೆಕ್ಕ ಅದರೊಳಗೇ ದಾಖಲಾಗುತ್ತದೆ. ನಮ್ಮ ಕರ್ಮಗಳ ಲೆಕ್ಕವೂ ದಾಖಲಾಗುತ್ತಿದೆ. ಅಲ್ಲಾಹನು ನಮ್ಮ ಸಂಪಾದನೆಯನ್ನು ಶುದ್ಧಗೊಳಿಸಲಿ, ಆಮೀನ್.