ಕಾಯುವ ಬಗೆ

ದುಡಿಯುವುದು ಹೇಗೆ ಒಂದು ಕಲೆಯೋ ಕಾಯುವುದೂ ಹಾಗೆಯೇ ಒಂದು ಕಲೆ. ಬಿಡುವಿನಲ್ಲಿ ಸುಮ್ಮನಿರಲರಿಯದವನು ತನ್ನ ಶಕ್ತಿಯನ್ನಷ್ಟೇ ಅಲ್ಲ, ನೆರೆಯವರ ಪಾಲನ್ನೂ ಕಳೆಯುತ್ತಾನೆ. ಈ ಮಾತು ಗಣಕಯಂತ್ರದ ವಿಷಯದಲ್ಲಿಯೂ ಸತ್ಯವಾಗಿದೆ.

1981ರಲ್ಲಿ ಐಬಿಎಂ ಸಂಸ್ಥೆಯ ಪರ್ಸನಲ್ ಕಂಪ್ಯೂಟರ್ ಮಾರುಕಟ್ಟೆಗೆ ಬಂದಿತು. ಡಾಸ್ ಎಂಬ ಕಾರ್ಯವ್ಯವಸ್ಥೆಯ ಅಡಿಯಲ್ಲಿ ಅದು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ನಡೆಸುತ್ತಿತ್ತು. ಯಂತ್ರದ ಮಿದುಳೆನಿಸಿದ ಸಂಸ್ಕಾರಕವೆಲ್ಲ ಆ ಪ್ರೋಗ್ರಾಮಿನದೇ ಸ್ವತ್ತು. ಆದುದರಿಂದ ಅಂದಿನ ಅನೇಕ ಪ್ರೋಗ್ರಾಂಗಳು ಕಾಯುತ್ತಿದ್ದ ರೀತಿ ಬಹು ಸರಳವಾಗಿತ್ತು. 'ಕೀಲಿಯನ್ನು ಒತ್ತಿದರೇ?' ಎಂದು ಕೇಳುವುದು. 'ಇಲ್ಲ' ಎಂದರೆ ಮರುಕ್ಷಣವೇ ಮತ್ತೆ ಕೇಳುವುದು. ಹೀಗೆ ಸೆಕೆಂಡಿಗೆ ಸಾವಿರಾರು ಬಾರಿ ಅದೇ ಪ್ರಶ್ನೆ, ಅದೇ ಉತ್ತರ! ಇದರಿಂದ ಆಗ ಯಾರಿಗೂ ನಷ್ಟವಿರಲಿಲ್ಲ. ಮನೆಯಲ್ಲಿ ಒಬ್ಬನೇ ಇರುವವನು ಬಾವಿಯ ಹಗ್ಗವನ್ನು ಹಿಡಿದೇ ನಿಂತಿದ್ದರೆ ಕೇಳುವವರಾರು?

ಕಾಲ ಬದಲಾಯಿತು. 1992ರ ಓಎಸ್/2ರ ಎರಡನೆಯ ಆವೃತ್ತಿ, 1995ರ ವಿಂಡೋಸ್ 95 ಮೊದಲಾದ ವ್ಯವಸ್ಥೆಗಳು ಹಳೆಯ ಡಾಸ್ ಪ್ರೋಗ್ರಾಂಗಳನ್ನು ಹೊಸವುಗಳ ಜೊತೆಯಲ್ಲಿ ಏಕಕಾಲಕ್ಕೆ ನಡೆಸತೊಡಗಿದವು. ಒಂದೇ ಸಂಸ್ಕಾರಕದ ಕಾಲವನ್ನು ಕಿರುಚೂರುಗಳಾಗಿ ಹಂಚಿ, ಸರದಿಯಂತೆ ಒಂದೊಂದಕ್ಕೂ ಕೊಡುವುದೇ ಇದರ ಗುಟ್ಟು. ಹೊಸ ಪ್ರೋಗ್ರಾಂ ಕೆಲಸವಿಲ್ಲದಾಗ ನಿದ್ರಿಸುತ್ತದೆ. ಕೀಲಿಯೊತ್ತಿದಾಗ ವ್ಯವಸ್ಥೆಯೇ ಅದನ್ನು ಎಬ್ಬಿಸುತ್ತದೆ. ಹಳೆಯದಾದರೋ ಕೇಳುತ್ತಲೇ ಇರುತ್ತದೆ. ಸರದಿ ಹಂಚುವ ವ್ಯವಸ್ಥೆಗೆ ಅದು ಮಹಾ ದುಡಿಮೆಯಂತೆ ತೋರುತ್ತದೆ. ಫಲವಾಗಿ ಉಳಿದ ಕೆಲಸಗಳು ಕುಂಟುತ್ತವೆ. ಬ್ಯಾಟರಿ ಬೇಗನೆ ಬರಿದಾಗುತ್ತದೆ.

ಹಾಗಾದರೆ ಹಳೆಯದನ್ನು ಎಸೆಯಬೇಕೆ? ಎಷ್ಟೋ ವರ್ಷಗಳ ಲೆಕ್ಕಪತ್ರಗಳು ಅದರಲ್ಲಿಯೇ ಅಡಗಿರಬಹುದು. ಅದನ್ನು ತಿದ್ದಬಲ್ಲ ಮೂಲ ಬರಹವೇ ಕಳೆದುಹೋಗಿರಬಹುದು. ಆದುದರಿಂದ ಬಲ್ಲವರು ಅದನ್ನು ಪಳಗಿಸುವ ದಾರಿಯನ್ನು ಹುಡುಕಿದರು. ಪ್ರೋಗ್ರಾಂ ಪದೇ ಪದೇ ಕೀಲಿಮಣೆಯನ್ನು ವಿಚಾರಿಸಿ ಬರಿಗೈಯಲ್ಲಿ ಮರಳುತ್ತಿದ್ದರೆ, ಅದು ಬಿಡುವಾಗಿದೆಯೆಂದು ವ್ಯವಸ್ಥೆ ಊಹಿಸಿ ಅದರ ಸರದಿಯನ್ನು ಇತರರಿಗೆ ಕೊಡುತ್ತದೆ. ಈ ಊಹೆಯ ಸೂಕ್ಷ್ಮತೆಯನ್ನು ಹೆಚ್ಚುಕಡಿಮೆ ಮಾಡುವ ಅವಕಾಶ ಮೇಲಿನ ಎರಡೂ ವ್ಯವಸ್ಥೆಗಳಲ್ಲಿತ್ತು. ಇದೇ ಕೆಲಸಕ್ಕೆ 'ಟೇಮ್' ಎಂಬ ಸಹಾಯಕ ಪ್ರೋಗ್ರಾಮೂ ಹುಟ್ಟಿತು.

ಆದರೆ ಇಲ್ಲಿ ವಿವೇಕ ಬೇಕು. ಕೆಲವು ಪ್ರೋಗ್ರಾಂಗಳು ನಿಜವಾಗಿ ಲೆಕ್ಕ ಮಾಡುತ್ತಲೇ ನಡುನಡುವೆ ಕೀಲಿಮಣೆಯತ್ತ ಕಣ್ಣು ಹಾಯಿಸುತ್ತವೆ. ಸೂಕ್ಷ್ಮತೆ ಅತಿಯಾದರೆ ಈ ದುಡಿಮೆಗಾರನನ್ನೂ ಸೋಮಾರಿಯೆಂದೇ ಬಗೆದಂತಾಗಿ, ಒಂದು ನಿಮಿಷದ ಕೆಲಸ ಬಹಳ ಹೊತ್ತು ಹಿಡಿಯಬಹುದು. ಎಲ್ಲಕ್ಕಿಂತ ಮೇಲಾದ ಉಪಾಯವೆಂದರೆ ಪ್ರೋಗ್ರಾಮೇ 'ನನಗೀಗ ಕೆಲಸವಿಲ್ಲ' ಎಂದು ವ್ಯವಸ್ಥೆಗೆ ತಿಳಿಸುವುದು. ಅದಕ್ಕೆಂದೇ ಒಂದು ಸಂಕೇತವೂ ಏರ್ಪಟ್ಟಿತು.

ಹತ್ತು ಮನೆಗಳಿಗೆ ಒಂದೇ ಬಾವಿಯಿರುವಲ್ಲಿ, ನೀರು ಸೇದದಿರುವಾಗ ಹಗ್ಗವನ್ನು ಬಿಟ್ಟುಕೊಡುವುದೇ ಸಹಬಾಳ್ವೆ. ಯಂತ್ರಕ್ಕೆ ಈ ನಡತೆಯನ್ನು ಮನುಷ್ಯನು ಕಲಿಸಿದನು. ತಾನೂ ಅದನ್ನು ಮರೆಯದಿದ್ದರೆ ಲೇಸು.