ನೆಕ್ಸ್ಟ್ ಒತ್ತಿದ ಮಾತ್ರಕ್ಕೆ ಒಪ್ಪಿಗೆಯೇ?

ವಿಡಿಯೊ ನೋಡಲೋ ಜಿಪ್ ಫೈಲ್ ಬಿಚ್ಚಲೋ ಒಂದು ಉಚಿತ ಪ್ರೋಗ್ರಾಂ ಹಾಕಿಕೊಳ್ಳುತ್ತೇವೆ. ಅದರ ಬೆನ್ನಿಗೇ ಬ್ರೌಸರ್‌ನ ಹೋಂ ಪೇಜ್ ಬದಲಿಸುವ ಟೂಲ್‌ಬಾರ್, ಜಾಹೀರಾತು ತುರುಕುವ ಸಾಫ್ಟ್‌ವೇರ್, ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ ಸದ್ದಿಲ್ಲದೆ ಓಡುವ ಇನ್ನೇನೋ ಒಂದು ಬಂದು ಸೇರಿರುತ್ತವೆ. ಕೇಳಿದರೆ ಕಂಪನಿಯ ಉತ್ತರ ಸಿದ್ಧ: ‘ನೀವೇ ಒಪ್ಪಿ ನೆಕ್ಸ್ಟ್ ಒತ್ತಿದ್ದೀರಿ’. ಬಹಳ ಮಂದಿ ಇಷ್ಟಕ್ಕೇ ಸುಮ್ಮನಾಗುತ್ತಾರೆ. ಆದರೆ ಮೊದಲೇ ಟಿಕ್ ಹಾಕಿಟ್ಟ ಚೌಕವನ್ನು ದಾಟಿ ಹೋದದ್ದೇ ಅನುಮತಿ ಎಂದು ಸಾಧಿಸುವುದು ನಮ್ಮ ಕಾನೂನಿನಲ್ಲಿ ಅಷ್ಟು ಸುಲಭವಲ್ಲ.

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ, ಕಂಪ್ಯೂಟರಿನ ಮಾಲೀಕರ ಅನುಮತಿಯಿಲ್ಲದೆ ಅದರೊಳಗೆ ವೈರಸ್ ಅಥವಾ ‘ಕಂಪ್ಯೂಟರ್ ಕಂಟ್ಯಾಮಿನೆಂಟ್’ ಸೇರಿಸಿದವರು, ಸೇರುವಂತೆ ಮಾಡಿದವರು ಪರಿಹಾರ ಕೊಡಬೇಕು. ಕಂಟ್ಯಾಮಿನೆಂಟ್ ಎಂಬುದರ ವ್ಯಾಖ್ಯಾನ ವಿಶಾಲವಾಗಿದೆ. ಕಂಪ್ಯೂಟರಿನಲ್ಲಿರುವ ಮಾಹಿತಿಯನ್ನು ಬದಲಿಸಲು, ದಾಖಲಿಸಲು, ಬೇರೆಡೆಗೆ ಕಳಿಸಲು ರೂಪಿಸಿದ ಸೂಚನೆಗಳೂ ಅದರಲ್ಲಿ ಬರುತ್ತವೆ. ಹಾರ್ಡ್ ಡಿಸ್ಕ್ ಅಳಿಸಿಹೋಗಲೇಬೇಕೆಂದಿಲ್ಲ. ‘ಇನ್‌ಸ್ಟಾಲ್ ಮಾಡಿದ್ದು ನೀವಲ್ಲವೇ’ ಎಂಬ ಮಾತಿಗೂ ‘ಸೇರುವಂತೆ ಮಾಡಿದವರು’ ಎಂಬಲ್ಲೇ ಉತ್ತರವಿದೆ. ಇಂಥ ಸಾಫ್ಟ್‌ವೇರ್ ಬರೀ ಕಿರಿಕಿರಿಯ ವಿಷಯವೂ ಅಲ್ಲ. ಲೆನೊವೊ 2014ರಲ್ಲಿ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮೊದಲೇ ಹಾಕಿ ಮಾರಿದ ಸೂಪರ್‌ಫಿಶ್ ಕಂಪನಿಯ ಜಾಹೀರಾತು ಸಾಫ್ಟ್‌ವೇರ್, ಬ್ರೌಸರಿಗೂ ವೆಬ್‌ಸೈಟಿಗೂ ನಡುವಿನ ಸುರಕ್ಷಿತ ಸಂಪರ್ಕದೊಳಕ್ಕೇ ನುಸುಳುತ್ತಿತ್ತು. 2017ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆ ರಾಜಿಗೆ ಬಂದ ಲೆನೊವೊ, ಅಂಥದ್ದನ್ನು ಓಡಿಸುವ ಮೊದಲು ಬಳಕೆದಾರರ ಸ್ಪಷ್ಟ ಒಪ್ಪಿಗೆ ಪಡೆಯುವ ಷರತ್ತಿಗೆ ಒಳಪಟ್ಟಿತು.

ಒಪ್ಪಿಗೆಯ ವಾದಕ್ಕೆ ಬರೋಣ. ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದಾಗಲೇ ಸಮ್ಮತಿ ಎನ್ನುತ್ತದೆ 1872ರ ಕರಾರು ಕಾಯ್ದೆಯ 13ನೇ ಸೆಕ್ಷನ್. ವಿಡಿಯೊ ಪ್ಲೇಯರ್ ಕೇಳಿದವರು ಟೂಲ್‌ಬಾರ್‌ಗೆ ಆ ಅರ್ಥದಲ್ಲಿ ಒಪ್ಪಿದ್ದರೇ? ಮೊದಲೇ ಟಿಕ್ ಹಾಕಿಟ್ಟ ಚೌಕ ಸಮ್ಮತಿಯಲ್ಲ ಎಂದು ಯುರೋಪಿನ ನ್ಯಾಯಾಲಯ 2019ರಲ್ಲಿ ಕುಕೀಗಳ ಪ್ರಕರಣವೊಂದರಲ್ಲಿ ತೀರ್ಪು ಕೊಟ್ಟಿದೆ. ಅದು ನಮ್ಮ ಕೋರ್ಟುಗಳನ್ನು ಕಟ್ಟಿಹಾಕದಿದ್ದರೂ ನಮ್ಮಲ್ಲೂ ಗಾಳಿ ಅತ್ತಲೇ ಬೀಸುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸ್ಪಷ್ಟ ಕ್ರಿಯೆಯ ಮೂಲಕ ಕೊಟ್ಟ ಸಮ್ಮತಿಯನ್ನೇ ಕೇಳುತ್ತದೆ, ಅದನ್ನು ಸಾಬೀತುಪಡಿಸುವ ಹೊರೆಯನ್ನೂ ಕಂಪನಿಯ ಮೇಲೇ ಹಾಕುತ್ತದೆ. ಆದರೆ ಈ ಭಾಗ ಜಾರಿಗೆ ಬರುವುದು 2025ರ ನವೆಂಬರ್‌ನ ಅಧಿಸೂಚನೆಯಿಂದ 18 ತಿಂಗಳ ನಂತರ. ಇನ್ನು, ಚೌಕವನ್ನು ಖಾಲಿ ಬಿಟ್ಟು, ಏನು ಬರುತ್ತದೆಂದು ಎದುರಿಗೇ ತಿಳಿಸಿದ್ದರೆ, ನೀವೇ ಟಿಕ್ ಮಾಡಿದ್ದರೆ, ದೂರಿಗೆ ಬಲವಿಲ್ಲ.

‘ಉಚಿತವಾಗಿ ಕೊಟ್ಟದ್ದಕ್ಕೆ ಇದೇ ಬೆಲೆ’ ಎನ್ನುವವರಿದ್ದಾರೆ. ಗ್ರಾಹಕ ಆಯೋಗದ ಮುಂದೆ ಈ ಮಾತಿಗೆ ಸ್ವಲ್ಪ ತೂಕವಿದೆ, ಏಕೆಂದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕ ಎನಿಸಿಕೊಳ್ಳಲು ಪ್ರತಿಫಲ ಕೊಟ್ಟಿರಬೇಕು. ಹಣ ಕೊಟ್ಟ ಸಾಫ್ಟ್‌ವೇರ್ ಅಥವಾ ಲ್ಯಾಪ್‌ಟಾಪ್ ಜೊತೆ ಬಂದದ್ದಾದರೆ ಆ ತೊಡಕಿಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2023ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ, ಸಂಬಂಧವಿಲ್ಲದ ಆ್ಯಪ್ ಹಾಕಿಕೊಳ್ಳುವಂತೆ ಬಲವಂತ ಮಾಡುವುದನ್ನು ಹೆಸರಿಸಿಯೇ ನಿಷೇಧಿಸಿದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಮಾತ್ರ ಬೆಲೆಯ ಪ್ರಶ್ನೆಯನ್ನೇ ಎತ್ತುವುದಿಲ್ಲ.

ಈ ಸೆಕ್ಷನ್ ಅಡಿ 5 ಕೋಟಿ ರೂಪಾಯಿವರೆಗಿನ ಪರಿಹಾರಕ್ಕೆ ಸಿವಿಲ್ ಕೋರ್ಟಿಗೆ ಹೋಗುವಂತಿಲ್ಲ. ಅಂಥ ದಾವೆಗಳನ್ನು ಕೇಳುವವರು ನ್ಯಾಯನಿರ್ಣಯ ಅಧಿಕಾರಿ, ಅಂದರೆ ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿ. ಅವರ ಆದೇಶದ ಮೇಲೆ 45 ದಿನಗಳೊಳಗೆ ದೂರಸಂಪರ್ಕ ವಿವಾದ ಇತ್ಯರ್ಥ ಮತ್ತು ಮೇಲ್ಮನವಿ ನ್ಯಾಯಮಂಡಳಿಗೆ (ಟಿಡಿಸ್ಯಾಟ್) ಮೇಲ್ಮನವಿ ಸಲ್ಲಿಸಬಹುದು. ಸಿಟ್ಟಿನಲ್ಲಿ ಮೊದಲು ಅನ್‌ಇನ್‌ಸ್ಟಾಲ್ ಮಾಡಬೇಡಿ: ಡೌನ್‌ಲೋಡ್ ಮಾಡಿದ ಸೆಟಪ್ ಫೈಲ್, ಪುಟದ ವಿಳಾಸ, ಪ್ರತಿ ಹಂತದ ಸ್ಕ್ರೀನ್‌ಶಾಟ್, ಇನ್‌ಸ್ಟಾಲ್ ದಿನಾಂಕ ತೋರಿಸುವ ಪಟ್ಟಿ, ರಿಪೇರಿಯವರ ಬಿಲ್ ಎಲ್ಲವನ್ನೂ ತೆಗೆದಿಡಿ. ಇವನ್ನು ಸಾಕ್ಷ್ಯವಾಗಿ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನ ಪ್ರಮಾಣಪತ್ರ ಬೇಕಾಗುತ್ತದೆ. ಅಪ್ರಾಮಾಣಿಕತೆ ಅಥವಾ ವಂಚನೆಯ ಉದ್ದೇಶ ಕಂಡರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಸೆಕ್ಷನ್ ಅಡಿ ಸೈಬರ್ ಪೊಲೀಸರಿಗೂ ದೂರು ಕೊಡಬಹುದು. ಅದಕ್ಕೆ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಕಂಪನಿ ವಿದೇಶದ್ದಾದರೂ ಕಂಪ್ಯೂಟರ್ ಭಾರತದಲ್ಲಿದ್ದರೆ 75ನೇ ಸೆಕ್ಷನ್‌ನಂತೆ ಇದೇ ಕಾಯ್ದೆ ಅನ್ವಯಿಸುತ್ತದೆ. ಆದೇಶ ಜಾರಿ ಮಾಡಿಸುವುದು ಮಾತ್ರ ಕಷ್ಟ. ಹಾಗಾಗಿ ಆ ಕಂಪನಿಗೆ ಇಲ್ಲಿ ಕಚೇರಿಯಿದ್ದರೆ ಅದರ ವಿಳಾಸ ದೂರಿನಲ್ಲಿ ತಪ್ಪದೆ ಇರಲಿ.