ಉದ್ದೇಶಪತ್ರದಲ್ಲಿ ಪರರ ಸಂಶೋಧನೆಯನ್ನು ಹೆಸರಿಸುವ ಕ್ರಮ

ಉನ್ನತ ವ್ಯಾಸಂಗಾರ್ಥವಾಗಿ ಊರು ಬಿಡುವುದು ನಮ್ಮ ಶಿಕಾರಿಪುರ, ಸೊರಬ ಸೀಮೆಗೆ ಹೊಸತಲ್ಲ. ಮಯೂರಶರ್ಮನು ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಯನ್ನು ಪ್ರವೇಶಿಸಿದ ಸಂಗತಿಯನ್ನು ತಾಳಗುಂದದ ಸ್ತಂಭಶಾಸನವೇ ಸಾರುತ್ತದೆ. ಅಲ್ಲಿ ಅವನಿಂದ ಉದ್ದೇಶಪತ್ರವನ್ನು ಯಾರಾದರೂ ಕೇಳಿದಂತೆ ಶಾಸನಕವಿಯು ಹೇಳಿಲ್ಲ. ಜಡೆ, ಆನವಟ್ಟಿಗಳಿಂದ ಹೊರಟು, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎ. ಮುಗಿಸಿ, ಪಿಎಚ್.ಡಿ.ಗಾಗಿ ಹೊರರಾಜ್ಯಕ್ಕೋ ಹೊರದೇಶಕ್ಕೋ ಅರ್ಜಿ ಹಾಕುವ ಇಂದಿನ ತರುಣರಿಗೆ ಆ ವಿನಾಯಿತಿಯಿಲ್ಲ. ‘ಸ್ಟೇಟ್‌ಮೆಂಟ್ ಆಫ್ ಪರ್ಪಸ್’ ಎಂದು ಎಲ್ಲರೂ ಕರೆಯುವ ಆ ಎರಡು ಪುಟದ ಬರಹವನ್ನು ತಿದ್ದಿಕೊಡಿರೆಂದು ನನ್ನಲ್ಲಿಗೆ ತರುವವರ ಪತ್ರಗಳಲ್ಲಿ, ಮೊದಲ ಪುಟವೆಲ್ಲ ವಿದ್ವಾಂಸರ ನಾಮಾವಳಿಯಿಂದ ತುಂಬಿರುತ್ತದೆಯೇ ಹೊರತು, ಬರೆದವನು ಅರಿಯಬಯಸುವುದೇನೆಂಬುದು ಕೊನೆಯ ಪಂಕ್ತಿಯವರೆಗೂ ಗೋಚರಿಸುವುದಿಲ್ಲ.

ಆದುದರಿಂದ ಮೊತ್ತಮೊದಲು, ಯಾರ ಹೆಸರನ್ನೂ ಎತ್ತದೆ, ನಿಮ್ಮ ಪ್ರಶ್ನೆಯನ್ನು ಎರಡು ವಾಕ್ಯಗಳಲ್ಲಿ ಬರೆದಿಡಿರಿ. ಜಡೆಯ ಸುತ್ತಣ ವೀರಗಲ್ಲು, ಮಾಸ್ತಿಕಲ್ಲುಗಳನ್ನು ಅಭ್ಯಸಿಸಬೇಕೆಂದಿರುವಾಕೆಯ ಪ್ರಶ್ನೆಯು, ವಿಜಯನಗರದ ಹಾಗೂ ಕೆಳದಿಯ ಅರಸರ ಕಾಲದಲ್ಲಿ ಇಂಥ ಕಲ್ಲುಗಳನ್ನು ನಿಲ್ಲಿಸಿದವರು ಯಾರು, ಮಡಿದವರ ಮನೆತನಕ್ಕೆ ಭೂಮಿಯನ್ನು ಬಿಟ್ಟವರು ಯಾರು, ಎಂಬಷ್ಟು ಸ್ಪಷ್ಟವಾಗಿರತಕ್ಕದ್ದು.

ಅನಂತರ ಆ ಪ್ರಶ್ನೆಯನ್ನು ನೇರವಾಗಿ ಮುಟ್ಟುವ ಎರಡು ಮೂರು ಅಧ್ಯಯನಗಳನ್ನಷ್ಟೇ ಆರಿಸಿಕೊಳ್ಳಿರಿ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ಅವುಗಳಲ್ಲೊಂದಾಗಬಹುದು, ಎಸ್. ಶೆಟ್ಟರ್ ಮತ್ತು ಸೋಂಥೈಮರ್ ಸಂಪಾದಿಸಿದ ‘ಮೆಮೋರಿಯಲ್ ಸ್ಟೋನ್ಸ್’ (1982) ಮತ್ತೊಂದಾಗಬಹುದು. ಎರಡನೆಯದು ಹಲವರ ಲೇಖನಗಳ ಸಂಕಲನವಾದ ಕಾರಣ, ನೀವು ಆಶ್ರಯಿಸಿದ ಲೇಖನವನ್ನು ಬರೆದವರ ಹೆಸರನ್ನು ಹೇಳಬೇಕಲ್ಲದೆ ಸಂಪಾದಕರ ಹೆಸರನ್ನಲ್ಲ.

ಇನ್ನು ವಾಕ್ಯರಚನೆ. ‘ಚಿದಾನಂದಮೂರ್ತಿ, ಶೆಟ್ಟರ್ ಮೊದಲಾದ ಮಹನೀಯರ ಕೃತಿಗಳಿಂದ ನಾನು ಸ್ಫೂರ್ತಿ ಪಡೆದಿರುವೆನು’ ಎಂಬ ವಾಕ್ಯದಿಂದ ಪರಿಶೀಲಕನಿಗೆ ಏನೊಂದೂ ತಿಳಿಯದು. ಅದಕ್ಕೆ ಬದಲಾಗಿ, ‘ಚಿದಾನಂದಮೂರ್ತಿಯವರು ತಮ್ಮ 1966ರ ಕನ್ನಡ ಗ್ರಂಥದಲ್ಲಿ ಕ್ರಿ.ಶ. 450ರಿಂದ 1150ರವರೆಗಿನ ಶಾಸನಗಳ ಆಧಾರದಿಂದ ಕನ್ನಡ ನಾಡಿನ ಜನಜೀವನವನ್ನು ನಿರೂಪಿಸಿದ್ದಾರೆ. ಆ ಕಾಲಾವಧಿಯಿಂದಾಚೆಗೆ, ಸೊರಬದ ಒಂದೇ ಹೋಬಳಿಯಲ್ಲಿ, ವೀರಗಲ್ಲಿನ ಪದ್ಧತಿ ಹೇಗೆ ಮುಂದುವರಿಯಿತೆಂಬುದನ್ನು ನಾನು ಪರಿಶೀಲಿಸಬಯಸುತ್ತೇನೆ’ ಎಂದು ಬರೆದರೆ, ಹಿಂದಿನವರ ಕೆಲಸವೂ ಅದರ ಎಲ್ಲೆಯೂ ನಿಮ್ಮ ಕೆಲಸದ ಆರಂಭವೂ ಒಂದೇ ಉಸಿರಿನಲ್ಲಿ ಹೇಳಿದಂತಾಗುತ್ತದೆ. ಗ್ರಂಥವು ಕನ್ನಡದ್ದೆಂಬುದನ್ನು ಮರೆಮಾಚುವ ಸಂಕೋಚವು ನಮ್ಮ ವಿದ್ಯಾರ್ಥಿಗಳಲ್ಲಿ ಕಂಡುಬರುವುದುಂಟು, ಅದು ಅನವಶ್ಯಕ. ಇತರ ಅರ್ಜಿದಾರರು ಓದಲಾರದ ಗ್ರಂಥವನ್ನು ನೀವು ಓದಬಲ್ಲಿರೆಂಬುದೇ ನಿಮ್ಮ ಅರ್ಹತೆ.

ಎಷ್ಟು ಸಲ ಹೇಳಿದರೂ ಸಾಲದೆನಿಸುವ ಮಾತೊಂದಿದೆ: ತೆರೆದು ನೋಡದ ಪುಸ್ತಕವನ್ನು ಹೆಸರಿಸಬೇಡಿರಿ. ಬೇರೊಬ್ಬರ ಅಡಿಟಿಪ್ಪಣಿಯಿಂದ ಉಲ್ಲೇಖವನ್ನು ಎತ್ತಿಕೊಳ್ಳುವ ಅಭ್ಯಾಸವು ಎಷ್ಟು ನಿರುಪದ್ರವಿಯಾಗಿ ತೋರುತ್ತದೆಯೋ ಅಷ್ಟೇ ಸುಲಭವಾಗಿ ಬಯಲಾಗುತ್ತದೆ. ‘ಎಪಿಗ್ರಾಫಿಯಾ ಕರ್ನಾಟಿಕಾ’ವನ್ನೇ ನೋಡಿರಿ. ಬಿ. ಎಲ್. ರೈಸರು 1902ರಲ್ಲಿ ಪ್ರಕಟಿಸಿದ ಏಳನೆಯ ಸಂಪುಟದಲ್ಲಿ ಶಿಕಾರಿಪುರದ ಶಾಸನಗಳೂ 1904ರ ಎಂಟನೆಯದರಲ್ಲಿ ಸೊರಬದ ಶಾಸನಗಳೂ ಇವೆ. ಆದರೆ ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಏಳನೆಯ ಸಂಪುಟವು ಮಂಡ್ಯ ಜಿಲ್ಲೆಗೂ ಎಂಟನೆಯದು ಹಾಸನ ಜಿಲ್ಲೆಗೂ ಸೇರಿದವು. ಸೊರಬದ ಶಾಸನವೊಂದಕ್ಕೆ ‘ಎಂಟನೆಯ ಸಂಪುಟ, ಪರಿಷ್ಕೃತ ಆವೃತ್ತಿ’ ಎಂದು ಬರೆದವನು ಆ ಎರಡರಲ್ಲಿ ಯಾವುದನ್ನೂ ಕೈಯಲ್ಲಿ ಹಿಡಿದವನಲ್ಲವೆಂದು ಶಾಸನಜ್ಞರು ಕ್ಷಣಮಾತ್ರದಲ್ಲಿ ಅರಿಯುತ್ತಾರೆ. ಇದಕ್ಕೆ ಅಂಟಿಕೊಂಡೇ ಬರುವ ಇನ್ನೊಂದು ದೋಷವೆಂದರೆ, ಶಾಸನದ ಪಾಠವನ್ನು ಸಂಪಾದಕನ ಸಂಶೋಧನೆಯೆಂದು ಭ್ರಮಿಸಿ, ಕಲ್ಲು ಹೇಳುವ ಮಾತನ್ನು ‘ರೈಸರ ಅಭಿಪ್ರಾಯದಂತೆ’ ಎಂದು ಬರೆಯುವುದು. ಕಲ್ಲು ಆಕರ, ಅದರ ಮೇಲೆ ಇಂಥವರು ಮಾಡಿದ ವ್ಯಾಖ್ಯಾನವು ಸಂಶೋಧನೆ. ರೈಸರ ಹಳೆಯ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಯಾರಿಗಾದರೂ ದೊರೆಯುವುದರಿಂದ, ಪುಸ್ತಕ ಸಿಗಲಿಲ್ಲವೆಂಬ ನೆವವೂ ಈಗ ಉಳಿದಿಲ್ಲ. ನಿಜವಾಗಿ ಸಿಗದಿದ್ದಲ್ಲಿ ‘ಇಂಥವರು ಉದ್ಧರಿಸಿರುವಂತೆ’ ಎಂದು ಒಪ್ಪಿಕೊಳ್ಳಿರಿ, ಇಲ್ಲವೆ ಬಿಟ್ಟುಬಿಡಿರಿ. ಸಂದರ್ಶನದಲ್ಲಿ ನೀವು ಹೆಸರಿಸಿದ ಗ್ರಂಥದ ಮೇಲೆಯೇ ಪ್ರಶ್ನೆ ಬರುತ್ತದೆಂಬುದನ್ನು ಮರೆಯಬೇಡಿರಿ.

ಮಾರ್ಗದರ್ಶಕರಾಗಬೇಕೆಂದು ನೀವು ಬಯಸುವ ಪ್ರಾಧ್ಯಾಪಕರ ಲೇಖನಗಳನ್ನೆಲ್ಲ ಪಟ್ಟಿಮಾಡಿ ಹೊಗಳುವುದು ನನ್ನ ದೃಷ್ಟಿಯಲ್ಲಿ ಭಟ್ಟಂಗಿತನವೇ ಸರಿ. ಅವರ ಒಂದು ಲೇಖನವನ್ನು ಓದಿ, ಅದರ ವಿಧಾನವು ನಿಮ್ಮ ಕಲ್ಲುಗಳಿಗೆ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದದು, ಎಂಬುದನ್ನು ವಿನಯದಿಂದ ಹೇಳಿದರೆ ಸಾಕು. ಭಿನ್ನಾಭಿಪ್ರಾಯವನ್ನು ಕಂಡು ಸಿಟ್ಟಾಗುವ ಗುರು ಐದು ವರ್ಷದ ಸಹವಾಸಕ್ಕೆ ಯೋಗ್ಯನಲ್ಲ.

ಸ್ಥಳಾಭಾವದಿಂದ ಉಳಿದುದು ಸಂಕ್ಷೇಪವಾಗಿ. ವಿಶ್ವವಿದ್ಯಾಲಯವು ಬೇರೆ ವಿಧಿಸದಿದ್ದರೆ ಅಡಿಟಿಪ್ಪಣಿ ಬೇಡ, ವಾಕ್ಯದಲ್ಲಿಯೇ ಹೆಸರು ಮತ್ತು ಇಸವಿ ಸಾಕು. ಪರರ ಮಾತನ್ನು ಯಥಾವತ್ತಾಗಿ ಇಳಿಸದೆ ಸ್ವಂತ ಮಾತಿನಲ್ಲಿ ಹೇಳಿ, ಅದರ ಶ್ರೇಯವನ್ನು ಅವರಿಗೇ ಕೊಡಿರಿ. ನಿಮ್ಮ ಅಧ್ಯಾಪಕರ ಅಪ್ರಕಟಿತ ಸಾಮಗ್ರಿಗೆ ಅನುಮತಿ ಪಡೆಯಿರಿ. ವಿಜ್ಞಾನದವರಿಗೂ ಕ್ರಮ ಇದೇ. ಇಂಗ್ಲಿಷಿನಲ್ಲಿ ಬರೆಯುವಾಗ ಕನ್ನಡದ ಹೆಸರುಗಳನ್ನು ಆದಿಯಿಂದ ಅಂತ್ಯದವರೆಗೆ ಒಂದೇ ಕಾಗುಣಿತದಲ್ಲಿಡಿರಿ; ಚಿದಾನಂದಮೂರ್ತಿ ಎಂಬುದು ಒಂದು ಕಡೆ ಒಂದೇ ಪದವಾಗಿ, ಮತ್ತೊಂದು ಕಡೆ ಎರಡಾಗಿ ಬಂದರೆ, ಪರದೇಶದ ಪರಿಶೀಲಕನು ಅವರನ್ನು ಇಬ್ಬರೆಂದು ಎಣಿಸಿಯಾನು.